ಎಣ್ಣೆಗಿಂತ ಮೊದಲು ಕೊಳೆ ತೆಗೆಯಿರಿ

ಗಿಟಾರ್ ತಂತಿ ಬದಲಿಸಿದಾಗಲೆಲ್ಲ ಫ್ರೆಟ್‌ಬೋರ್ಡ್‌ಗೆ, ಅಂದರೆ ತಂತಿಗಳ ಕೆಳಗೆ ಬೆರಳು ಒತ್ತುವ ಮರದ ಪಟ್ಟಿಗೆ, ಎಣ್ಣೆ ಹಚ್ಚಿ ಎಂದು ಕೆಲವರು ಹೇಳುತ್ತಾರಲ್ಲ, ಅದು ಜಾಸ್ತಿಯಾಯಿತು. ವರ್ಷಕ್ಕೆ ಒಂದೆರಡು ಸಲ ಸಾಕು. ಬಟ್ಟೆಗೆ ನಾಲ್ಕೇ ಹನಿ ಹಾಕಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಬೇಕು. ಅದೂ ಬೀಟೆ, ಕರಿಮರದಂಥ (ಎಬೊನಿ) ಪಾಲಿಶ್ ಇಲ್ಲದ ಬೋರ್ಡ್‌ಗೆ ಮಾತ್ರ. ಮೇಪಲ್ ಮರದ ಬೋರ್ಡ್ ಮೇಲೆ ಸಾಮಾನ್ಯವಾಗಿ ಲ್ಯಾಕರ್ ಎಂಬ ಗಟ್ಟಿ ಲೇಪ ಇರುತ್ತದೆ, ಎಣ್ಣೆ ಒಳಗೆ ಇಳಿಯುವುದೇ ಇಲ್ಲ. ಅಡುಗೆ ಎಣ್ಣೆಯಂತೂ ಬೇಡವೇ ಬೇಡ, ದಿನ ಕಳೆದಂತೆ ಅಂಟಂಟಾಗುತ್ತದೆ.

ಬೋರ್ಡ್ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿವೆಯಲ್ಲ, ಆ ಫ್ರೆಟ್‌ಗಳ ಪಕ್ಕದಲ್ಲಿ ಕಪ್ಪು ಗೆರೆಯ ಹಾಗೆ ಕೂತಿರುತ್ತದೆ ಅಲ್ವಾ? ಅದು ಬೆವರು, ಚರ್ಮದ ಕೊಳೆ. ಮೊದಲು ಅದನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ.

ಒಂದು ಬೇಸಿಗೆಯಲ್ಲಿ ನನ್ನ ಗಿಟಾರ್ ಒಣಗಿಹೋಗಿತ್ತು. ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಅಂಚಿನಲ್ಲಿ ಬೆರಳು ಸವರಿದರೆ ಫ್ರೆಟ್ ತುದಿಗಳು ಗರಗಸದ ಹಲ್ಲಿನ ಹಾಗೆ ಚುಚ್ಚುತ್ತಿದ್ದವು. ಮರ ಕುಗ್ಗಿತ್ತು, ಲೋಹ ಕುಗ್ಗಿರಲಿಲ್ಲ. ಎಣ್ಣೆಯಿಂದ ಏನೂ ಆಗಲಿಲ್ಲ. ಕೇಸ್ ಒಳಗೆ ತೇವಾಂಶ 45ರಿಂದ 55% ಇರುವಂತೆ ನೋಡಿಕೊಂಡ ಮೇಲೆ ನಿಧಾನವಾಗಿ ಸರಿಹೋಯಿತು.

ಫ್ರೆಟ್‌ಬೋರ್ಡ್ ಮರದ ವಿಷಯಕ್ಕೆ ಬಂದರೆ, ಕರಿಮರ ಸವೆಯುವುದು ಕಡಿಮೆ, ಆದರೆ ಒಣಗಿದರೆ ಬಿರುಕಿನ ಭಯ ಇದ್ದೇ ಇದೆ. ಬೀಟೆಯಲ್ಲಿ ಎಣ್ಣೆಯಂಶ ತಾನಾಗಿಯೇ ಇರುತ್ತದೆ. ನಾನಾದರೆ ಅದನ್ನೇ ಆರಿಸುತ್ತೇನೆ. ಗಿಟಾರ್ ಒಡಲಿನ ಮೇಲಿನ ಹಲಗೆ ಮಾತ್ರ ಸ್ಪ್ರೂಸ್ ಮರದ್ದಿರಲಿ, ಸೀಡರ್ ಮರ ಮೆತ್ತಗೆ, ಉಗುರು ತಾಗಿದರೂ ಗುರುತು ಬೀಳುತ್ತದೆ.