ಈರುಳ್ಳಿಗೊಂದು ಜಾತಿ ಪ್ರಮಾಣಪತ್ರ

ಚಿಕ್ಕಬಳ್ಳಾಪುರ, ಕೋಲಾರದ ಕಡೆ ರೋಸ್ ಈರುಳ್ಳಿ ಬೆಳೆಯುತ್ತಾರೆ. ಸಣ್ಣ ಗಡ್ಡೆ, ಕಡು ಕೆಂಪು, ಖಾರ ಜಾಸ್ತಿ. ನಮ್ಮ ಅಡುಗೆಮನೆಗಳಲ್ಲಿ ಇದನ್ನು ಕೇಳುವವರು ಕಡಿಮೆ. ಮಲೇಷ್ಯಾ, ಸಿಂಗಪುರ, ಶ್ರೀಲಂಕಾದವರಿಗೆ ಮಾತ್ರ ಇದೇ ಬೇಕು. ಬೆಳೆಯುವುದೂ ಹೆಚ್ಚಾಗಿ ಅವರಿಗೋಸ್ಕರವೇ.

2023ರ ಆಗಸ್ಟ್‌ನಲ್ಲಿ ಈರುಳ್ಳಿ ಬೆಲೆ ಏರೀತು ಅಂತ ದೆಹಲಿಗೆ ಭಯವಾಯಿತು. ತಗೋ, ಎಲ್ಲ ಈರುಳ್ಳಿ ರಫ್ತಿಗೂ ಶೇ 40 ಸುಂಕ. ನಾವು ತಿನ್ನದ ಈರುಳ್ಳಿಯನ್ನೂ ನಮಗಾಗಿ ಉಳಿಸಿಕೊಟ್ಟ ಉಪಕಾರ ಇದು. ಹೇಗೆ ತೀರಿಸುವುದೋ!

ರೈತರು ಗಲಾಟೆ ಮಾಡಿದರು. ಸೆಪ್ಟೆಂಬರ್ ಕೊನೆಗೆ ರೋಸ್ ಈರುಳ್ಳಿಗೆ ವಿನಾಯಿತಿ ಸಿಕ್ಕಿತು. ಷರತ್ತು ಒಂದೇ. ಇದು ರೋಸ್ ಈರುಳ್ಳಿಯೇ ಹೌದು, ಇಷ್ಟು ತೂಕವೇ ಹೌದು ಅಂತ ಕರ್ನಾಟಕದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕು. ಅಂದರೆ ಗಡ್ಡೆಗೂ ಜಾತಿ ಪ್ರಮಾಣಪತ್ರ. ಜೊತೆಗೆ ಆದಾಯ ಪ್ರಮಾಣಪತ್ರ ಕೇಳಲಿಲ್ಲ, ಪುಣ್ಯ. ಕೇಳಿದ್ದರೆ ಬೆಳೆದವನಿಗೆ ಬಿಪಿಎಲ್ ಕಾರ್ಡಾದರೂ ಆಗುತ್ತಿತ್ತು.

ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತೇ ಬಂದ್. ಮಾರ್ಚ್ 31ರವರೆಗೆ ಅಂದರು. ರೈತ ಕ್ಯಾಲೆಂಡರ್ ನೋಡುತ್ತಾ ಕೂತ. ಗಡುವಿಗೆ ಇನ್ನೇನು ಒಂದು ವಾರ ಇದೆ ಅನ್ನುವಾಗ ಅದು 'ಮುಂದಿನ ಆದೇಶದವರೆಗೆ' ಆಯಿತು. ಏಪ್ರಿಲ್‌ನಲ್ಲಿ 2,000 ಟನ್ ಬಿಳಿ ಈರುಳ್ಳಿ ಕಳಿಸಲು ಅನುಮತಿ ಬಂತು. ಬಿಳಿ ಈರುಳ್ಳಿ ಹೆಚ್ಚಾಗಿ ಗುಜರಾತಿನದು. ಮಹಾರಾಷ್ಟ್ರದ ಕೆಂಪು ಈರುಳ್ಳಿ ಬೆಳೆಗಾರರು ಸಿಟ್ಟಾದರು. ಬಣ್ಣ ನೋಡಿ ಮಣೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ ಬಿಡಿ.

2024ರ ಮೇ 4ಕ್ಕೆ ನಿಷೇಧ ಹೋಯಿತು. ಮೇ 7ಕ್ಕೆ ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದ ಹಲವು ಕಡೆಗಳಲ್ಲೂ ಮತದಾನ. ಸುಮ್ನೆ ಕಾಕತಾಳೀಯ, ಅಲ್ವಾ?

ನಿಷೇಧ ಹೋದರೂ ಟನ್‌ಗೆ ಕನಿಷ್ಠ 550 ಡಾಲರ್ ರಫ್ತು ಬೆಲೆ, ಶೇ 40 ಸುಂಕ ಬಂದವು. ಮೇ ಕೊನೆಗೆ ರೋಸ್ ಈರುಳ್ಳಿಗೆ ಮತ್ತೆ ಸುಂಕ ವಿನಾಯಿತಿ, ಮತ್ತೆ ಅದೇ ಪ್ರಮಾಣಪತ್ರ. ಸೆಪ್ಟೆಂಬರ್‌ನಲ್ಲಿ ಉಳಿದ ಈರುಳ್ಳಿಯ ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ಕ್ಕೆ ಸೊನ್ನೆ.

ಈರುಳ್ಳಿ ಬೆಳೆಯಲು ತಿಂಗಳುಗಟ್ಟಲೆ ಬೇಕು. ಅಧಿಸೂಚನೆಗೆ ಒಂದು ರಾತ್ರಿ ಸಾಕು. ನಾಟಿ ಮಾಡುವಾಗ ಇದ್ದ ನೀತಿ ಕೀಳುವಾಗ ಇರುತ್ತದೆ ಅನ್ನುವ ನಂಬಿಕೆ ಇಲ್ಲ. ಹಾಗಂತ ಕೊಲಂಬೊದ ವ್ಯಾಪಾರಿ ನಮ್ಮ ಮುಂದಿನ ಆದೇಶಕ್ಕೆ ಕಾಯುತ್ತಾ ಕೂರುತ್ತಾನಾ? ಪಾಕಿಸ್ತಾನ, ಚೀನಾದ ಈರುಳ್ಳಿ ತರಿಸಿಕೊಳ್ಳುತ್ತಾನೆ. ಅದಕ್ಕೆ ನಮ್ಮ ಆಯುಕ್ತರ ಸಹಿಯೂ ಬೇಕಿಲ್ಲ.