ಮರೆತವರೇ ಸಹಿ ಮಾಡತಕ್ಕದ್ದು

ನಮ್ಮ ದೊಡ್ಡಪ್ಪ ನಿವೃತ್ತ ಮುಖ್ಯೋಪಾಧ್ಯಾಯರು. ಜೀವಮಾನವಿಡೀ ಮಕ್ಕಳ ಕಾಪಿ ಪುಸ್ತಕಗಳ ಮೇಲೆ ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದು ಗೀಚಿ ಸಹಿ ಹಾಕಿದವರು. ಈಗ ಅವರಿಗೆ ಮರೆವಿನ ಕಾಯಿಲೆ. ಸ್ವಂತ ಮಗನನ್ನು ಕಂಡರೆ ‘ಯಾವ ತರಗತಿ?’ ಎಂದು ವಿಚಾರಿಸುತ್ತಾರೆ. ಪಿಂಚಣಿ ಮಾತ್ರ ಮರೆಯದೆ ತಿಂಗಳು ತಿಂಗಳು ಖಾತೆಗೆ ಬಂದು ಕೂರುತ್ತದೆ. ಅಲ್ಲಿಂದ ಅದನ್ನು ಎಬ್ಬಿಸುವುದೇ ಕಷ್ಟ.

ಅವರು ಬದುಕಿದ್ದಾರೆಂದು ಸಾಬೀತು ಮಾಡುವುದು ಸಲೀಸು. ಪ್ರತಿ ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರ 2014ರಿಂದ ಡಿಜಿಟಲ್ ರೂಪದಲ್ಲೂ ಸಿಗುತ್ತದೆ. ಈಗಂತೂ ಮೊಬೈಲ್ ಎದುರು ಕಣ್ಣು ಮಿಟುಕಿಸಿದರೂ ನಡೆಯುತ್ತದೆ. ದೊಡ್ಡಪ್ಪ ಅದೊಂದನ್ನು ಮರೆತಿಲ್ಲ. ಆದರೆ ಬದುಕಿದ್ದೂ ಲೆಕ್ಕ ತಪ್ಪಿದವರಿಗೆ ಯಾವ ಕೌಂಟರು?

ಅಣ್ಣ ಬ್ಯಾಂಕಿಗೆ ಹೋದ.

‘ಅಪ್ಪನ ಪರವಾಗಿ ನಾನು ಹಣ ತೆಗೆಯಬಹುದೇ ಸಾರ್?’

‘ಧಾರಾಳವಾಗಿ. ಅವರಿಂದ ಒಂದು ಒಪ್ಪಿಗೆ ಪತ್ರ ತನ್ನಿ.’

‘ಅವರಿಗೆ ಏನೂ ತಿಳಿಯುವುದಿಲ್ಲವಲ್ಲ?’

‘ಹಾಗಾದರೆ ತಿಳಿಯುವುದಿಲ್ಲವೆಂದು ಅವರೇ ಬರೆದುಕೊಡಲಿ.’

ಅಣ್ಣ ತಾನೇ ಒಂದು ಅರ್ಜಿ ಬರೆದು ಒಯ್ದ. ‘ಈ ನಮೂನೆಯಲ್ಲಿ ಅಲ್ಲ, ಮತ್ತೆ ಬರೆದು ತನ್ನಿ’ ಎಂದರು. ಮತ್ತೆ ಬರೆದ. ಮತ್ತೆ ಅದೇ ಮಾತು.

ಯಾರೋ ಪವರ್ ಆಫ್ ಅಟಾರ್ನಿ ಮಾಡಿಸಿ ಎಂದರು. ಮೂರು ವರ್ಷದ ಹಿಂದೆಯೇ ಮಾಡಿಸಿದ್ದು ಪೆಟ್ಟಿಗೆಯಲ್ಲಿತ್ತು. ವಕೀಲರು ಕನ್ನಡಕ ಸರಿಮಾಡಿಕೊಂಡು 1872ರ ಕರಾರು ಕಾಯ್ದೆಯ 201ನೇ ಕಲಂ ತೋರಿಸಿದರು: ಅಧಿಕಾರ ಕೊಟ್ಟವರ ಬುದ್ಧಿ ಸ್ತಿಮಿತ ತಪ್ಪಿದರೆ ಅಧಿಕಾರವೂ ಮುಗಿಯಿತು. ಬಿಸಿಲಿರುವವರೆಗೆ ಬಿಚ್ಚಿಕೊಂಡಿದ್ದು ಮೊದಲ ಹನಿಗೆ ತಾನಾಗಿ ಮಡಚಿಕೊಳ್ಳುವ ಕೊಡೆ! ನೂರೈವತ್ತು ವರ್ಷ ಕಳೆದರೂ ಅದನ್ನು ರಿಪೇರಿಗೆ ಕೊಡಬೇಕೆಂದು ಯಾರಿಗೂ ಅನ್ನಿಸಿಲ್ಲ.

ಪಾಲಕರನ್ನು ನೇಮಿಸುವ ಕಾನೂನುಗಳೇನೋ ಇವೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗೆ. ಮುಪ್ಪಿನಲ್ಲಿ ಮರೆತವರು ಆ ಪಟ್ಟಿಯಲ್ಲಿಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳುವವರನ್ನು ನ್ಯಾಯಾಲಯ ನೇಮಿಸುವ ಅಧ್ಯಾಯವೇ ಇತ್ತು. 2017ರ ಹೊಸ ಕಾಯ್ದೆ ಬರುವಾಗ ಅದನ್ನು ಹಳೆಯ ಮನೆಯಲ್ಲೇ ಬಿಟ್ಟು ಬಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ‘ಸೀಮಿತ ಪಾಲಕತ್ವ’ವಿದೆ. ಅದು ಪರಸ್ಪರ ತಿಳಿವಳಿಕೆ ಮತ್ತು ವಿಶ್ವಾಸದ ಮೇಲೆ ನಡೆಯುವ ಜಂಟಿ ನಿರ್ಧಾರ. ಉದ್ದೇಶ ಉದಾತ್ತವಾದದ್ದು, ತಮಾಷೆ ಮಾಡಬಾರದು. ಆದರೂ ‘ಯಾವ ತರಗತಿ?’ ಎನ್ನುವವರ ಜೊತೆ ಜಂಟಿ ನಿರ್ಧಾರಕ್ಕೆ ಕೂರುವ ಅಣ್ಣನ ಮುಖ ಕಣ್ಣಿಗೆ ಕಟ್ಟುತ್ತದೆ. ಉಳಿದದ್ದು ಹೈಕೋರ್ಟಿನ ರಿಟ್ ಅರ್ಜಿ. ಮಾತ್ರೆ ಕೊಳ್ಳಲು ಹೈಕೋರ್ಟು!

ಕೊನೆಗೆ ಒಬ್ಬ ಸಹೃದಯ ಅಧಿಕಾರಿ ರಿಸರ್ವ್ ಬ್ಯಾಂಕಿನ ಸುತ್ತೋಲೆ ಹುಡುಕಿ ತೆಗೆದರು. ಸಹಿ ಮಾಡಲಾಗದ ರೋಗಿಯ ಹೆಬ್ಬೆರಳಿನ ಅಥವಾ ಕಾಲ್ಬೆರಳಿನ ಗುರುತು ಪಡೆಯಬಹುದು. ಇಬ್ಬರು ಸಾಕ್ಷಿಗಳಿರಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಬುದ್ಧಿ ಎಲ್ಲಿದ್ದರೇನು, ಬೆರಳು ಜಾಗದಲ್ಲಿದ್ದರೆ ಸಾಕು.

ಅವರೇ ಇಂಕ್ ಪ್ಯಾಡು, ನಮೂನೆ ಹಿಡಿದು ಮನೆಗೆ ಬಂದರು. ದೊಡ್ಡಪ್ಪ ಪ್ಯಾಡನ್ನು ನೋಡಿದ್ದೇ ಕೈ ಹಿಂದಕ್ಕೆಳೆದುಕೊಂಡರು. ‘ಹೆಬ್ಬೆಟ್ಟು ಒತ್ತಲು ನಾನೇನು ಓದು ಬಾರದವನೇ?’ ಮೂರು ತಿಂಗಳಲ್ಲಿ ಅವರಾಡಿದ ಮೊದಲ ಪೂರ್ಣ ವಾಕ್ಯ ಅದು. ಕಾಲ್ಬೆರಳಿನ ಪ್ರಸ್ತಾಪ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಅಧಿಕಾರಿಯ ಜೇಬಿನಿಂದ ಕೆಂಪು ಪೆನ್ನನ್ನು ಎಳೆದುಕೊಂಡು ದೊಡ್ಡಪ್ಪ ನಮೂನೆಯನ್ನು ಮೇಲಿನಿಂದ ಕೆಳಗೆ ಓದಿದರು. ‘ಫಲಾನುಭವಿ’ಯ ಮಹಾಪ್ರಾಣ ಬಿಟ್ಟುಹೋಗಿತ್ತು. ಅದಕ್ಕೆ ಸುತ್ತು ಹಾಕಿದರು. ಎರಡು ಕಡೆ ಅಡ್ಡಗೆರೆ ಎಳೆದರು. ಕೆಳಗೆ, ಸಹಿಯ ಜಾಗದಲ್ಲಿ, ಮುತ್ತಿನಂಥ ಅಕ್ಷರಗಳಲ್ಲಿ ಬರೆದು ಹಿಂದಿರುಗಿಸಿದರು:

‘ನೋಡಿದೆ. ಮತ್ತೆ ಬರೆದು ತನ್ನಿ.’