ಎಸ್‌ಇಒ ಸಾಹೇಬ್ರು ಎಲ್ಲಿ ಕೂಡ್ತಾರ್ರಿ?

ತಾಲೂಕಿಗೆ ಬಿಇಒ ಇದ್ದಾರೆ, ತಾಲೂಕು ಪಂಚಾಯ್ತಿಗೆ ಇಒ ಇದ್ದಾರೆ, ಜಿಲ್ಲಾ ಪಂಚಾಯ್ತಿಗೆ ಸಿಇಒ ಇದ್ದಾರೆ. ಹಾಗಾಗಿ ನಾನು ಎಸ್‌ಇಒ ಬಗ್ಗೆ ಕಲಿಸುತ್ತೇನೆ ಅಂದ ಕೂಡಲೇ ನಮ್ಮ ಅಕೌಂಟ್ಸ್ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಈ ಸಾಹೇಬ್ರು ಎಲ್ಲಿ ಕೂಡ್ತಾರ್ರಿ? ನಮ್ಮವರು ಯಾರರ ಪರಿಚಯ ಅದಾರೇನು?"

ನಮ್ಮದು ವಿಜಯಪುರದಲ್ಲಿ ಒಣದ್ರಾಕ್ಷಿ ಮಾರುವ ಸಣ್ಣ ಕಂಪನಿ. ಗೂಗಲ್‌ನಲ್ಲಿ ನಾವು ಎಲ್ಲರಿಗಿಂತ ಮೇಲೆ ಬರಬೇಕು ಅನ್ನೋದು ಮಾಲೀಕರ ಹಟ. ಆ ಕೆಲಸಕ್ಕೇ ಎಸ್‌ಇಒ, ಅಂದರೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಅನ್ನೋದು. ಅದು ಗೊತ್ತಿರೋದು ನನಗೊಬ್ಬನಿಗೆ, ಉಳಿದವರದ್ದು ಅಕೌಂಟ್ಸು, ಗೋಡೌನು, ಸೇಲ್ಸು. ಎಲ್ಲರಿಗೂ ಕಲಿಸಿಬಿಡಿ ಅಂದರು. ಏಪ್ರಿಲ್ ಬಿಸಿಲು, ಹೊಟ್ಟೆ ತುಂಬ ಜೋಳದ ರೊಟ್ಟಿ, ಮೇಲೆ ಕರೆಂಟ್ ಇಲ್ಲ. ಇಂಥ ಹೊತ್ತಿನಲ್ಲಿ ಗೂಗಲ್ ಕಡೆಯಿಂದ ಒಂದು ರೋಬೋಟ್ ಬರುತ್ತದೆ, ಲಿಂಕ್ ಹಿಡಿದುಕೊಂಡು ಪುಟದಿಂದ ಪುಟಕ್ಕೆ ಓಡಾಡುತ್ತದೆ, ಓದಿದ್ದನ್ನೆಲ್ಲ ತನ್ನ ಇಂಡೆಕ್ಸ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಯಾರಾದರೂ ಹುಡುಕಿದಾಗ ಆ ಇಂಡೆಕ್ಸ್‌ನಿಂದ ಆರಿಸಿ ತೋರಿಸುತ್ತದೆ ಅಂತ ಹೇಳಿದೆ. ಗೋಡೌನ್ ಹುಡುಗ ಎದ್ದು ಕೂತ. "ರಾತ್ರಿನೂ ಬರ್ತದೇನ್ರಿ? ನಾವು ಗೇಟ್ ಹಾಕಿರ್ತೀವಲ್ಲ?"

ಒಳ್ಳೆಯ ಪ್ರಶ್ನೆ, ನಿಜವಾಗಿಯೂ. ಗೇಟ್ ಇದೆ. ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಒಂದು ಪುಟ್ಟ ಫೈಲು, ಅದರಲ್ಲಿ ಡಿಸ್‌ಅಲೋ ಅಂತ ಬರೆದು ಪಕ್ಕಕ್ಕೆ ಒಂದು ಓರೆಗೆರೆ (/) ಎಳೆದರೆ ಇಡೀ ಸೈಟ್‌ಗೆ ಬೀಗ. ಇದನ್ನು ಕೇಳಿ ಸೇಲ್ಸ್ ಮ್ಯಾನೇಜರ್ ಕಣ್ಣು ಮಿಂಚಿತು. ಬೇರೆ ವ್ಯಾಪಾರಿಗಳು ನಮ್ಮ ರೇಟ್ ನೋಡ್ತಾರೆ ಅನ್ನೋದು ಅವರ ಹಳೇ ಸಂಕಟ. ಆ ಸಂಜೆಯೇ ಬೀಗ ಹಾಕಿದರು. ವ್ಯಾಪಾರಿಗಳು ರೇಟ್ ನೋಡುತ್ತಲೇ ಇದ್ದರು, ಯಾಕೆಂದರೆ ಆ ಬೀಗ ಮನುಷ್ಯರಿಗಲ್ಲ. ಗೂಗಲ್ ಮಾತ್ರ ಮರ್ಯಾದೆಯಿಂದ ಹೊರಗೆ ನಿಂತಿತು, ನಮ್ಮ ಹೆಸರಿನ ಕೆಳಗೆ ಈ ಪುಟದ ಮಾಹಿತಿ ಸಿಗುತ್ತಿಲ್ಲ ಅಂತ ಬರೆಯಿತು. ಅದನ್ನು ಮೊದಲು ನೋಡಿದ್ದು ಮಾಲೀಕರ ಅಳಿಯ.

ಊರಿನ ಹೆಸರಿನದು ಇನ್ನೊಂದು ಗೋಳು. 2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಆಯಿತು, ಆದರೆ ಹುಡುಕುವ ಜನ ಇನ್ನೂ ಬಿಜಾಪುರ ಅಂತಲೇ ಟೈಪ್ ಮಾಡುತ್ತಾರೆ. ಹಾಗೆ ಹುಡುಕಿದರೆ ಛತ್ತೀಸ್‌ಗಢದ ಬಿಜಾಪುರ ನುಗ್ಗುತ್ತದೆ, ವಿಜಯಪುರ ಅಂದರೆ ದೇವನಹಳ್ಳಿ ತಾಲೂಕಿನ ವಿಜಯಪುರ ಕೈ ಎತ್ತುತ್ತದೆ, ಎರಡನ್ನೂ ದಾಟಿ ಬಂದರೆ ಗೋಲಗುಮ್ಮಟ ಅಡ್ಡ ಕೂತಿರುತ್ತದೆ. ಹೆಸರು ಎರಡೂ ಹಾಕಿ, ಜೊತೆಗೆ ಕರ್ನಾಟಕ ಅಂತಲೂ ಬರೆಯಿರಿ, ಗುಮ್ಮಟದ ಗೊಡವೆ ಬೇಡ, ಒಣದ್ರಾಕ್ಷಿ ಬಗ್ಗೆ ಬರೆಯಿರಿ ಅಂದೆ. ಕಾಕಾ ತಲೆಯಾಡಿಸಿದರು. ಮರುದಿನ ನೋಡಿದರೆ ಮುಖಪುಟದಲ್ಲಿ ಹೀಗಿತ್ತು: "ವಿಜಯಪುರ ಒಣದ್ರಾಕ್ಷಿ ಬಿಜಾಪುರ ಒಣದ್ರಾಕ್ಷಿ ಒಳ್ಳೆ ಒಣದ್ರಾಕ್ಷಿ ಕರ್ನಾಟಕ ಒಣದ್ರಾಕ್ಷಿ ಗುಮ್ಮಟದ ಹತ್ತಿರದ ಒಣದ್ರಾಕ್ಷಿ." ಓದೋಕೆ ಆಗಲ್ಲ ಕಾಕಾ ಅಂದರೆ, ಅದಕ್ಕೂ ಉಪಾಯ ಇತ್ತು ಅವರ ಹತ್ತಿರ, ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರ. ಯಾರ ಸಹಾಯವೂ ಇಲ್ಲದೆ ಒಂದೇ ರಾತ್ರಿಯಲ್ಲಿ ಸ್ಪ್ಯಾಮರ್‌ಗಳ ಹಳೇ ವಿದ್ಯೆಯನ್ನು ಕಂಡುಹಿಡಿದಿದ್ದರು! ಗೂಗಲ್ ಇದನ್ನು ಮೋಸ ಅಂತಲೇ ಲೆಕ್ಕ ಹಾಕುತ್ತದೆ. ಹುಡುಕುವ ಪದಗಳನ್ನು (ಕೀವರ್ಡ್) ಬರೆಯಲು ಪುಟದ ಕೋಡ್‌ನೊಳಗೆ ಇರುವ ಕೀವರ್ಡ್ಸ್ ಮೆಟಾ ಟ್ಯಾಗನ್ನೂ ತುಂಬಿಸಿದ್ದರು ಪಾಪ, ಅದನ್ನು ರ‍್ಯಾಂಕಿಂಗ್‌ಗೆ ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಲಿಂಕ್ ವಿಷಯ ಮಾತ್ರ ಎಲ್ಲರಿಗೂ ಬೇಗ ಅರ್ಥವಾಯಿತು. ಬೇರೆ ಸೈಟಿನವರು ನಮ್ಮ ಪುಟಕ್ಕೆ ಲಿಂಕ್ ಕೊಟ್ಟರೆ ಗೂಗಲ್ ಅದನ್ನು ನಮ್ಮ ಬಗ್ಗೆ ಒಳ್ಳೆ ಮಾತು ಅಂತ ಎಣಿಸುತ್ತದೆ. ಹುಡುಗ ಬಂಗಾರ ಅಂತ ಹುಡುಗನ ಮನೆಯವರೇ ಹೇಳಿದರೆ ಯಾರೂ ನಂಬಲ್ಲ, ಊರಲ್ಲಿ ನಾಲ್ಕು ಜನ ಹೇಳಬೇಕು, ಅದರಲ್ಲೂ ಮರ್ಯಾದಸ್ಥರು ಹೇಳಬೇಕು ಅಲ್ವಾ? ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಪೇಜ್‌ರ‍್ಯಾಂಕ್ ಲೆಕ್ಕ ಕಟ್ಟಿದ್ದು ಹೆಚ್ಚುಕಮ್ಮಿ ಇದರ ಮೇಲೆಯೇ. ಇಷ್ಟು ಹೇಳಿದ್ದಕ್ಕೆ ಸೇಲ್ಸ್ ಮ್ಯಾನೇಜರ್ ವಾರದೊಳಗೆ ತಮ್ಮ ಬೀಗರ ಸಿಮೆಂಟ್ ಅಂಗಡಿ, ಸೋದರಳಿಯನ ಕೋಚಿಂಗ್ ಕ್ಲಾಸು, ಹೆದ್ದಾರಿ ಪಕ್ಕದ ಒಂದು ಧಾಬಾ, ಎಲ್ಲರ ಸೈಟಿನಿಂದಲೂ ಲಿಂಕ್ ತಂದರು. ಸಿಮೆಂಟ್ ಚೀಲದ ಫೋಟೋ ಕೆಳಗೆ "ಉತ್ತಮ ಒಣದ್ರಾಕ್ಷಿಗೆ ಇಲ್ಲಿ ಒತ್ತಿರಿ" ಅಂತ ಇತ್ತು. ಯಾರು ಒತ್ತುತ್ತಾರೋ ದೇವರಿಗೇ ಗೊತ್ತು.

ರಿವ್ಯೂಗಳೂ ಮುಖ್ಯ ಅಂದಿದ್ದೆ. ನಮ್ಮ ನೌಕರರೇ ಬರೆಯುವಂತಿಲ್ಲ, ಅದು ಗೂಗಲ್ ನಿಯಮ ಅಂತಲೂ ಅಂದಿದ್ದೆ. ಅಷ್ಟರಲ್ಲಿ ಕರೆಂಟ್ ಬಂದು ಫ್ಯಾನ್ ತಿರುಗಿತ್ತು, ಎರಡನೇ ಮಾತು ಗಾಳಿಗೆ ಹೋಯಿತು. ಒಂದೇ ಮಧ್ಯಾಹ್ನ, ಆಫೀಸಿನ ಒಂದೇ ವೈಫೈನಿಂದ ಎಲ್ಲರೂ ಐದೈದು ಸ್ಟಾರ್ ಒತ್ತಿದರು. ಗೋಡೌನ್ ಹುಡುಗ ಬರೆದಿದ್ದ: "ಮಾಲು ಭಾಳ ಚಲೋ ಐತಿ, ನಾನೇ ಪ್ಯಾಕ್ ಮಾಡೇನಿ."

ಆದರೆ ಆ ಹುಡುಗನಿಗೆ ವಿಷಯ ಗೊತ್ತು. ಅವರ ಮನೆಯವರದ್ದು ತಿಕೋಟಾ ಕಡೆ ದ್ರಾಕ್ಷಿ ತೋಟ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದೋದು ಯಾಕೆ, ಬಿಸಿಲಿಗೆ ಹಾಕದೆ ಶೆಡ್ಡಿನೊಳಗೆ ಬಲೆಗಳ ಮೇಲೆ ನೆರಳಲ್ಲಿ ಒಣಗಿಸಿದರೆ ಬಣ್ಣ ಹೇಗೆ ಉಳಿಯುತ್ತದೆ, ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದೇ ಕಿಲೋ ಯಾಕೆ ಬರುತ್ತದೆ, ಒಣಗುವ ಹೊತ್ತಿಗೆ ಅಕಾಲ ಮಳೆ ಬಂದರೆ ಏನು ಗತಿ, ಎಲ್ಲ ಬಾಯಿಪಾಠ. ಅವನು ಹೇಳಿದ್ದನ್ನು ಹಾಗೇ ಬರೆದು ಒಂದು ಪುಟ ಮಾಡಿದೆವು. ನಮ್ಮ ಸೈಟಿನಲ್ಲಿ ಜನ ಪೂರ್ತಿ ಓದುವ ಪುಟ ಅದೊಂದೇ. ಮಾಲೀಕರಿಗೆ ತೋರಿಸಿದೆ. ಸಂತೋಷಪಟ್ಟು ಮೆಲ್ಲಗೆ ಕೇಳಿದರು, "ಇದಕ್ಕ ಗೂಗಲ್‌ನವರಿಗೆ ಎಷ್ಟು ಕೊಟ್ಟೀರಿ?"

ಕಾಕಾ ಮಾತ್ರ ಕೀವರ್ಡ್ ಬಿಟ್ಟಿಲ್ಲ. ಮೊನ್ನೆ ಅಣ್ಣನ ಮಗನ ಮದುವೆಗೆ ತಾವೇ ಬಯೋಡೇಟಾ ಟೈಪ್ ಮಾಡಿ ನನಗೆ ವಾಟ್ಸಾಪ್ ಕಳಿಸಿದ್ದರು, ತಪ್ಪಿದ್ದರೆ ತಿದ್ದಿ ಅಂತ. ಮೊದಲ ಸಾಲು: "ವಿಜಯಪುರ ಹುಡುಗ, ಬಿಜಾಪುರ ಹುಡುಗ, ಒಳ್ಳೆ ಹುಡುಗ, ನೌಕರಿ ಹುಡುಗ, ಗುಮ್ಮಟದ ಹತ್ತಿರ ಸ್ವಂತ ಮನೆ ಇರುವ ಹುಡುಗ." ಅದರ ಕೆಳಗೆ ಒಂದಿಷ್ಟು ಖಾಲಿ ಜಾಗ ಇತ್ತು. ಬಿಳಿ ಅಕ್ಷರದಲ್ಲಿ ಏನಾದರೂ ಬರೆದಿದ್ದಾರಾ ಅಂತ ಒತ್ತಿ ನೋಡಿದೆ. ಬರೆದಿದ್ದರು: "ಡಿಪ್ಲೊಮಾ, ಎರಡು ವಿಷಯ ಬಾಕಿ."